ಎಡಗಡೆ ಸೊನ್ನೆಗೂ ಬೆಲೆ ಇದೆ: ಗೋ ಭಾಷೆಯ ಐಪಿ ಪಾರ್ಸರ್ ಪ್ರಕರಣ

2021ರ ಶುರುವಿನಲ್ಲಿ ನಾನು ಕೆಲಸ ಮಾಡ್ತಿದ್ದ ಕಡೆ ಒಂದು ಬ್ರಾಂಚಿನ ರೂಟರ್ ಸತ್ತು ಎರಡು ದಿನ ಆಗಿತ್ತು. ಬ್ರಾಂಚಿನವರು ಫೋನ್ ಮೇಲೆ ಫೋನ್ ಮಾಡ್ತಿದ್ರು, ನಾವು ಮಾತ್ರ ಮಾನಿಟರಿಂಗ್ ಸ್ಕ್ರೀನ್ ನೋಡ್ಕೊಂಡು "ಇಲ್ಲ ಸಾರ್, ನಮ್ ಕಡೆಯಿಂದ ಹಸಿರು ತೋರಿಸ್ತಿದೆ, ನಿಮ್ಮ ಕೇಬಲ್ ನೋಡ್ಕೊಳಿ" ಅಂತಿದ್ವಿ. ಆ ಹಸಿರು ಬರ್ತಿದ್ದುದು ಒಂದು ಹಳೇ ಶೆಲ್ ಸ್ಕ್ರಿಪ್ಟಿಂದ. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಟೂಲ್) ಐದೈದು ನಿಮಿಷಕ್ಕೆ ಓಡ್ತಾ, ಒಂದು ಎಕ್ಸೆಲ್ ಶೀಟಿಂದ ತೆಗೆದ ಐಪಿ ಅಡ್ರೆಸ್ಸುಗಳ (ನೆಟ್‌ವರ್ಕಲ್ಲಿ ಪ್ರತಿ ಮೆಷೀನಿಗಿರೋ ನಂಬರ್) ಪಟ್ಟಿ ಇಟ್ಕೊಂಡು ಒಂದೊಂದಕ್ಕೇ ಪಿಂಗ್ ಹೊಡೀತಾ, ಅಂದ್ರೆ ಬದುಕಿದೀಯಾ ಅಂತ ಕೇಳ್ತಾ ಇತ್ತು. ಅದೇ ಪಟ್ಟಿ ಓದೋ ಇನ್ನೊಂದು ಪುಟ್ಟ ಟೂಲನ್ನ ನಾನು ಗೋ ಭಾಷೇಲಿ ಬರೆದು ಒಂದು ವಾರ ಆಗಿತ್ತು ಅಷ್ಟೆ, ಅದು ಆ ರೂಟರನ್ನ ಕೆಂಪು ಅಂತ ತೋರಿಸ್ತಿತ್ತು. ಎಲ್ರೂ ಏನಂದ್ರು ಅಂತ ಹೇಳ್ಬೇಕಾಗಿಲ್ಲ ಅಲ್ವಾ. ಹಳೇ ಸ್ಕ್ರಿಪ್ಟ್ ಎಷ್ಟೋ ವರ್ಷದಿಂದ ಓಡ್ತಿದೆ, ನಿಂದು ನೆನ್ನೆ ಮೊನ್ನೆ ಹುಟ್ಟಿದ್ದು, ನಿಂದೇ ಸರಿ ಇಲ್ಲ ಬಿಡು ಅಂದ್ರು. ನನಗೂ ಹಂಗೇ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಕೈಯಲ್ಲೇ ಟೈಪ್ ಮಾಡಿ ನೋಡೋಣ ಅಂತ ಶೀಟಲ್ಲಿದ್ದ ಅಡ್ರೆಸ್ಸನ್ನ ಹಂಗೇ ಕಾಪಿ ಮಾಡಿ ಪಿಂಗ್ ಹೊಡೆದೆ: 192.168.010.025. ಉತ್ತರ ಬಂತು, ಒಂದಾದ್ಮೇಲೆ ಒಂದು ಚೆನ್ನಾಗೇ ಬಂತು. ಆದ್ರೆ ಪಿಂಗ್ ಮೊದಲನೇ ಸಾಲಲ್ಲಿ ನೀವು ಕೊಟ್ಟಿದ್ದನ್ನೂ ಬರೆದು, ಪಕ್ಕದಲ್ಲಿ ಬ್ರಾಕೆಟ್ ಒಳಗೆ ಅದು ನಿಜವಾಗಿ ಯಾರ ಹತ್ರ ಹೋಗ್ತಿದೆ ಅಂತಾನೂ ಬರೆಯುತ್ತೆ. ಬ್ರಾಕೆಟ್ ಒಳಗೆ ಇದ್ದಿದ್ದು 192.168.8.21. ನಾನು ಅದನ್ನ ಮೂರು ಸಲ ಓದಿದೆ. ಎಂಟನೇ ಸಬ್‌ನೆಟ್, ಅಂದ್ರೆ 192.168.8 ಅಂತ ಶುರುವಾಗೋ ಅಡ್ರೆಸ್ಸುಗಳ ಗುಂಪು, ಇನ್ನೊಂದು ಬ್ರಾಂಚಿಂದು, ಅಲ್ಲಿ 21 ಅಂದ್ರೆ ಒಂದು ಪ್ರಿಂಟರ್. ಅಂದ್ರೆ ಇಷ್ಟು ದಿನ ನಮ್ಮ ಸ್ಕ್ರಿಪ್ಟು ರೂಟರ್ ಬದುಕಿದೆಯಾ ಅಂತ ಯಾವುದೋ ಊರಿನ ಪ್ರಿಂಟರನ್ನ ಕೇಳ್ತಿತ್ತು, ಅದು ಪಾಪ "ಇದೀನಿ ಇದೀನಿ" ಅಂತಿತ್ತು.

ಈ ಶೀಟ್ ನೋಡ್ಕೋತಿದ್ದವರು ನಮ್ಮಲ್ಲಿ ಹಿರಿಯರು ಒಬ್ರು, ಅವ್ರನ್ನ ಎಲ್ರೂ ಮೇಷ್ಟ್ರು ಅಂತಾನೇ ಕರೆಯೋದು. ಯಾಕ್ ಸಾರ್ ಸೊನ್ನೆ ಹಾಕಿದೀರ ಅಂತ ಕೇಳಿದ್ರೆ, "ಅಲ್ಲಪ್ಪಾ, ಸೊನ್ನೆ ಹಾಕಿಲ್ಲ ಅಂದ್ರೆ ಎಕ್ಸೆಲ್‌ನಲ್ಲಿ ಸಾರ್ಟ್ ಮಾಡಿದಾಗ 2 ಹೋಗಿ 110 ಆದ್ಮೇಲೆ ಕೂತ್ಕೊಳ್ಳುತ್ತೆ, ಲೈನಾಗಿ ಬರೋದೇ ಇಲ್ಲ. ಎಡಗಡೆ ಸೊನ್ನೆಗೆ ಬೆಲೆ ಇಲ್ಲ ಅಂತ ನಾಲ್ಕನೇ ಕ್ಲಾಸಲ್ಲೇ ಹೇಳ್ಕೊಟ್ಟಿಲ್ವಾ ನಿನಗೆ" ಅಂದ್ರು. ಅವರದ್ದು ತಪ್ಪೇ ಅಲ್ಲ ಸ್ವಾಮಿ. ನಾಲ್ಕನೇ ಕ್ಲಾಸಿಗೂ ಕಂಪ್ಯೂಟರ್‌ಗೂ ಇರೋ ಜಗಳ ಅದು.

ಸಿ ಭಾಷೆ ಗೊತ್ತಿರೋರಿಗೆ ವಿಷಯ ಆಗಲೇ ಹೊಳೆದಿರುತ್ತೆ. ಸಂಖ್ಯೆ ಮುಂದೆ ಸೊನ್ನೆ ಇದ್ರೆ ಅದು ಆಕ್ಟಲ್, ಅಂದ್ರೆ ಎಂಟರ ಲೆಕ್ಕ. 010 ಅಂದ್ರೆ 8. 025 ಅಂದ್ರೆ ಎರಡೆಂಟ್ಲ ಹದಿನಾರು, ಪ್ಲಸ್ ಐದು, 21. ಲಿನಕ್ಸ್‌ನ ಪಿಂಗ್ ಅಡ್ರೆಸ್ ಓದೋಕೆ ಸಿ ಲೈಬ್ರರಿನ (ಸಿಸ್ಟಂ ಜೊತೆ ಬರೋ ರೆಡಿಮೇಡ್ ಸಿ ಫಂಕ್ಷನ್‌ಗಳ ಗಂಟು) ಕೇಳುತ್ತೆ, ಸಿ ಲೈಬ್ರರಿ ಈ ಲೆಕ್ಕದಲ್ಲೇ ಓದುತ್ತೆ. ಗೋ ಮಾತ್ರ ಸಿ ಲೈಬ್ರರಿ ಹತ್ರ ಹೋಗದೆ ತಾನೇ ಬರ್ಕೊಂಡಿರೋ ಪಾರ್ಸರ್‌ನಲ್ಲಿ, ಅಂದ್ರೆ ಬರೆದದ್ದನ್ನ ಓದಿ ಅರ್ಥ ಮಾಡ್ಕೊಳ್ಳೋ ಕೋಡ್‌ನಲ್ಲಿ, ಹತ್ತರ ಲೆಕ್ಕದಲ್ಲಿ ಓದಿ 192.168.10.25 ಅಂತ ತಗೊಂಡಿತ್ತು, ಅಂದ್ರೆ ಮೇಷ್ಟ್ರ ಮನಸ್ಸಲ್ಲಿ ಇದ್ದಿದ್ದನ್ನೇ.

ಇನ್ನೂ ಮಜಾ ಏನಂದ್ರೆ ಇದು ಎಲ್ಲಾ ಸಾಲಿಗೂ ಒಂದೇ ಥರ ಹೊಡೀತಿರ್ಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರ್ಲಿಲ್ಲ. 001ರಿಂದ 007ರವರೆಗೆ ಎರಡು ಲೆಕ್ಕದಲ್ಲೂ ಒಂದೇ. 100 ದಾಟಿದ್ರೆ ಮುಂದೆ ಸೊನ್ನೇನೇ ಇರಲ್ಲ, ಅಲ್ಲೂ ಸರಿ. 008, 019, 085 ಥರದವು ಇದಾವಲ್ಲ, ಎಂಟರ ಲೆಕ್ಕದಲ್ಲಿ 8, 9 ಅನ್ನೋ ಅಂಕಿನೇ ಇಲ್ಲ, ಅಂಥದ್ದು ಬಂದ್ರೆ ಸಿ ಲೈಬ್ರರಿ "ಇದು ಐಪಿ ಅಲ್ಲ, ಯಾವುದೋ ಹೋಸ್ಟ್ ಹೆಸರಿರಬೇಕು" ಅಂದ್ಕೊಂಡು ಡಿಎನ್ಎಸ್‌ನಲ್ಲಿ (ಹೆಸರು ಕೊಟ್ರೆ ಐಪಿ ಹೇಳೋ ವ್ಯವಸ್ಥೆ) ಹೆಸರು ಹುಡುಕೋಕೆ ಹೋಗುತ್ತೆ, ಸಿಗಲ್ಲ, ಎರರ್ ಕೊಡುತ್ತೆ. ನಮ್ಮ ಟೀಮಲ್ಲಿ ಆ ಸಾಲುಗಳ ಮುಂದೆ ಯಾರೋ ಪುಣ್ಯಾತ್ಮರು "ಡಿಎನ್ಎಸ್ ಪ್ರಾಬ್ಲಂ" ಅಂತ ಬರೆದು ಹಳದಿ ಬಣ್ಣ ಹಚ್ಚಿ ತಿಂಗಳುಗಟ್ಟಲೆ ಬಿಟ್ಟಿದ್ರು. ಸದ್ದಿಲ್ಲದೆ ತಪ್ಪು ಕಡೆ ಹೋಗ್ತಿದ್ದಿದ್ದು ಅಂದ್ರೆ 010ರಿಂದ 077ರ ಮಧ್ಯೆ, 8 ಮತ್ತು 9 ಇಲ್ಲದೆ ಇರೋವು ಮಾತ್ರ. ಪೂರ್ತಿ ಕೆಟ್ಟಿದ್ರೆ ಮೊದಲನೇ ದಿನವೇ ಸಿಕ್ಕಾಕ್ಕೊಳ್ತಿತ್ತು.

ಇದನ್ನ ಹುಡುಕ್ತಾ ಹೋದಾಗ ಗೊತ್ತಾಗಿದ್ದು, ಇದೇ ಸೊನ್ನೆ ಬಗ್ಗೆ ಗೋ ಪ್ರಾಜೆಕ್ಟ್‌ನಲ್ಲಿ 2019ರಿಂದಾನೇ ಒಂದು ಇಶ್ಯೂ (ಸಮಸ್ಯೆ ದಾಖಲು ಮಾಡಿ ಚರ್ಚಿಸೋ ಪುಟ) ತೆರೆದಿತ್ತು, ನಂಬರ್ 30999. ನಮ್ಮ ಆಫೀಸಿನ ಕತೆ ಪಕ್ಕಕ್ಕಿಡ್ತೀನಿ, ಅಸಲಿ ಪ್ರಕರಣ ಅದು.

ಸೊನ್ನೆ ಎಲ್ಲಿಂದ ಬಂತು

ಮೊದ್ಲು ಸ್ವಲ್ಪ ಇತಿಹಾಸ, ಇಲ್ಲಾಂದ್ರೆ ಯಾರನ್ನ ಬೈಬೇಕು ಅಂತಾನೇ ಗೊತ್ತಾಗಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ನಂಬರ್‌ಗಳ ಲೆಕ್ಕ ಇಡ್ತಿದ್ದ ಜಾನ್ ಪೋಸ್ಟೆಲ್ ಹೊರಡಿಸಿದ ಆರ್‌ಎಫ್‌ಸಿ 790ರಲ್ಲಿ (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮ, ವಿವರ ಬರೆದಿಡೋ ದಾಖಲೆಗಳ ಸರಣಿ) ಯಾವ ನೆಟ್‌ವರ್ಕ್ ನಂಬರ್ ಯಾರಿಗೆ ಅಂತ ಒಂದು ಪಟ್ಟಿ ಇದೆ. ಅಲ್ಲಿ ಇಂಟರ್ನೆಟ್‌ನ ಅಜ್ಜ ಅನ್ನಬಹುದಾದ ಅಮೆರಿಕದ ಆರ್ಪಾನೆಟ್ ಮುಂದೆ ಏನಿದೆ ಗೊತ್ತಾ? 010. ಮೂರು ಅಂಕಿ, ಮುಂದೆ ಸೊನ್ನೆ, ಅರ್ಥ ಹತ್ತು. ನಮ್ಮ ಮೇಷ್ಟ್ರು ಎಕ್ಸೆಲ್‌ನಲ್ಲಿ ಮಾಡಿದ್ದನ್ನೇ ಪೋಸ್ಟೆಲ್ ಪಟ್ಟಿ ನೀಟಾಗಿ ಕಾಣಲಿ ಅಂತ ಮಾಡಿದ್ದಾರೆ.

ಎರಡು ವರ್ಷ ಆದ್ಮೇಲೆ, 1983ರಲ್ಲಿ, ಬರ್ಕ್ಲಿಯಿಂದ 4.2 ಬಿಎಸ್‌ಡಿ ಯುನಿಕ್ಸ್ ಬಂತು, ಅದರ ಜೊತೆ ಐಪಿ ಅಡ್ರೆಸ್ ಓದೋ ಫಂಕ್ಷನ್ನೂ ಬಂತು. ಬರೆದವರು ಸಿ ಜನ, ಅವರಿಗೆ ಮುಂದೆ ಸೊನ್ನೆ ಅಂದ್ರೆ ಆಕ್ಟಲ್, ಸೊನ್ನೆ ಎಕ್ಸ್ ಅಂದ್ರೆ ಹೆಕ್ಸ್ (ಹದಿನಾರರ ಲೆಕ್ಕ), ಅದೇ ರೂಢಿನ ಇಲ್ಲಿಗೂ ತಂದ್ರು. ಅಷ್ಟೇ ಅಲ್ಲ, ನಾಲ್ಕು ಭಾಗ ಇರಲೇಬೇಕು ಅಂತಾನೂ ಇಲ್ಲ. ಈಗಲೂ ನಿಮ್ಮ ಲಿನಕ್ಸ್ ಮೆಷೀನಲ್ಲಿ 127.1ಗೆ ಪಿಂಗ್ ಹೊಡೀರಿ, 127.0.0.1ಗೆ, ಅಂದ್ರೆ ನಿಮ್ಮ ಮೆಷೀನಿಗೇ ಹೋಗುತ್ತೆ. 2130706433 ಅಂತ ಚುಕ್ಕೇನೇ ಇಲ್ಲದ ನಂಬರ್ ಕೊಡಿ, ಅದೂ ಅಲ್ಲಿಗೇ ಹೋಗುತ್ತೆ. ಆ ನಡವಳಿಕೆ ಇನೆಟ್_ಏಟಾನ್ ಅನ್ನೋ ಫಂಕ್ಷನ್‌ಗೆ ಬಂದು, ಅಲ್ಲಿಂದ ಊರೆಲ್ಲಾ ಹರಡಿತು. ಬ್ರೌಸರ್‌ಗಳೂ ಹಂಗೇ, ಅಡ್ರೆಸ್ ಬಾರಲ್ಲಿ 0177.0.0.1 ಹಾಕಿದ್ರೆ ತಾನೇ ಅದನ್ನ 127.0.0.1 ಮಾಡ್ಕೊಳ್ಳುತ್ತೆ.

ಆಮೇಲೆ ಐಪಿವಿ6 (ಐಪಿ ಅಡ್ರೆಸ್ಸಿನ ಹೊಸ, ಉದ್ದನೆ ರೂಪ; ಇಲ್ಲಿವರೆಗೆ ನೋಡಿದ್ದು ಹಳೇ ಐಪಿವಿ4) ಜೊತೆ ಇನೆಟ್_ಪೀಟಾನ್ ಅಂತ ಇನ್ನೊಂದು ಫಂಕ್ಷನ್ ಬಂತು, ಗ್ನೂ ಸಿ ಲೈಬ್ರರಿಯಲ್ಲಿ ಅದು ಮುಂದಿನ ಸೊನ್ನೆ ಕಂಡ್ರೆ ತಗೊಳ್ಳೋದೇ ಇಲ್ಲ. ಅಂದ್ರೆ ಒಂದೇ ಲೈಬ್ರರಿ, ಒಂದೇ ಮನೆ, ಅಣ್ಣ ಒಂದು ಹೇಳ್ತಾನೆ ತಮ್ಮ ಇನ್ನೊಂದು ಹೇಳ್ತಾನೆ. 2005ರ ಆರ್‌ಎಫ್‌ಸಿ 3986, ಅದು ಯುಆರ್‌ಐ, ಅಂದ್ರೆ ವೆಬ್ ವಿಳಾಸದಂಥವುಗಳ ವ್ಯಾಕರಣ, ಅದರಲ್ಲೂ ಮುಂದಿನ ಸೊನ್ನೆಗೆ ಜಾಗ ಇಲ್ಲ. 2013ರ ಆರ್‌ಎಫ್‌ಸಿ 6943 ಈ ಸಡಿಲ ಓದು, ಬಿಗಿ ಓದು ಎರಡನ್ನೂ ಹೆಸರಿಟ್ಟು ಕರೆದು, ಇವೆರಡು ಬೆರೆತ್ರೆ ಸೆಕ್ಯೂರಿಟಿಗೆ ತೊಂದ್ರೆ ಅಂತ ಹೇಳಿಟ್ಟಿತ್ತು. ಯಾರು ಕೇಳ್ತಾರೆ.

ಈಗ ಗೋ ವಿಷಯಕ್ಕೆ ಬರೋಣ. ಗೂಗಲ್‌ನವರು 2009ರ ನವೆಂಬರ್‌ನಲ್ಲಿ ಇದನ್ನ ಓಪನ್ ಸೋರ್ಸ್ ಆಗಿ ಹೊರಗೆ ಬಿಟ್ಟಾಗ ಇದರ ಒಂದು ದೊಡ್ಡ ಆಕರ್ಷಣೆನೇ ನೆಟ್‌ವರ್ಕಿಂಗ್: ಸರ್ವರ್ ಬರೆಯೋಕೆ ಬೇಕಾದ್ದೆಲ್ಲಾ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ, ಸಿ ಲೈಬ್ರರಿ ಮೇಲೆ ಒರಗಿಕೊಳ್ಳದೆ ಒಂದೇ ಬೈನರಿ (ನೇರ ಓಡೋ ಫೈಲು). ಡಿಎನ್ಎಸ್ ಕೇಳೋ ರಿಸಾಲ್ವರ್ ಕೂಡ ತನ್ನದೇ ಒಂದು ಇಟ್ಕೊಂಡಿದೆ. ಇದು ಒಳ್ಳೇದೇ, ನಾನು ಇದಕ್ಕೇ ಗೋಗೆ ಬಂದವನು. ಆದ್ರೆ ಸಿ ಲೈಬ್ರರಿ ಬಿಟ್ಟು ಸ್ವಂತ ಸಂಸಾರ ಹೂಡಿದ್ರೆ, ಅಲ್ಲಿ ಯಾರೂ ಬರೆದಿಡದೆ ನಡೀತಿದ್ದ ಪ್ರತಿಯೊಂದು ಅಭ್ಯಾಸದ ಬಗ್ಗೆನೂ ನೀವೇ ಒಂದು ತೀರ್ಮಾನ ತಗೋಬೇಕು, ತಗೊಂಡಿದೀನಿ ಅಂತ ನಿಮಗೆ ಗೊತ್ತಿಲ್ಲದೇನೇ ತಗೊಂಡಿರ್ತೀರ. ಗೋದ ಪಾರ್ಸ್‌ಐಪಿ ಫಂಕ್ಷನ್ ಒಳಗೆ ಅಂಕಿ ಓದೋ ಒಂದು ಪುಟ್ಟ ಸಹಾಯಕ ಇತ್ತು, ಅದು ಹತ್ತರ ಲೆಕ್ಕ ಬಿಟ್ಟು ಬೇರೆ ಏನೂ ಅರಿಯದ್ದು, 010 ಕೊಟ್ರೆ 10 ಅಂತಿತ್ತು. ತಮಾಷೆ ನೋಡಿ, ಅದೇ ಗೋ ಭಾಷೆಯ ಕೋಡ್‌ನಲ್ಲಿ ನೀವು 010 ಅಂತ ಒಂದು ಸಂಖ್ಯೆ ಬರೆದ್ರೆ ಕಂಪೈಲರ್ ಅದನ್ನ 8 ಅಂತಾನೇ ತಗೊಳ್ಳುತ್ತೆ!

ತಪ್ಪು ಯಾರದ್ದು

ಇಲ್ಲೇ ನೋಡಿ ಈ ಪ್ರಕರಣ ಕುತೂಹಲ ಹುಟ್ಟಿಸೋದು. ಗೋ ಪಾರ್ಸರನ್ನ ಒಂದನ್ನೇ ತಗೊಂಡು ನೋಡಿದ್ರೆ ಅದರಲ್ಲಿ ಬಗ್ ಇಲ್ಲ. ಸಿ ಲೈಬ್ರರಿನ ಒಂದನ್ನೇ ನೋಡಿದ್ರೆ ಅದರಲ್ಲೂ ಇಲ್ಲ. ಬಗ್ ಇರೋದು ಇಬ್ಬರ ಮಧ್ಯದ ಗೋಡೆಯಲ್ಲಿ.

ಒಂದು ಉದಾಹರಣೆ. ನೀವು ಒಂದು ಸರ್ವಿಸ್ ನಡೆಸ್ತೀರಿ, ಯೂಸರ್ ಒಂದು ಅಡ್ರೆಸ್ ಕೊಟ್ರೆ ಅಲ್ಲಿಂದ ಫೋಟೋ ತಂದುಕೊಡೋದು ಅದರ ಕೆಲಸ. ಒಳಗಿನ ನೆಟ್‌ವರ್ಕಿಗೆ ಯಾರೂ ಕೈ ಹಾಕಬಾರದು ಅಂತ ಮೊದಲು ಗೋದಲ್ಲಿ ಚೆಕ್ ಮಾಡ್ತೀರಿ. ಕಳ್ಳ 012.0.0.1 ಅಂತ ಕೊಡ್ತಾನೆ. ಹಳೇ ಗೋ ಅದನ್ನ 12.0.0.1 ಅಂತ ಓದುತ್ತೆ, ಹೊರಗಿನ ಅಡ್ರೆಸ್ಸು, ಹೋಗಲಿ ಬಿಡು ಅಂತ ಪಾಸ್ ಮಾಡುತ್ತೆ. ಆಮೇಲೆ ನೀವು ಆ ಮೂಲ ಸ್ಟ್ರಿಂಗನ್ನೇ, ಅಂದ್ರೆ ಅವನು ಬರೆದ ಅಕ್ಷರಗಳನ್ನ ಹಂಗೇ, ಸಿ ಲೈಬ್ರರಿ ಮೇಲೆ ನಿಂತ ಇನ್ನೊಂದು ಪ್ರೋಗ್ರಾಂಗೆ ಕೊಡ್ತೀರಿ, ಅದು ಹೋಗಿ ತಟ್ಟೋದು 10.0.0.1ರ ಬಾಗಿಲು, ಅಂದ್ರೆ ನಿಮ್ಮದೇ ಮನೆ ಒಳಗೆ. ಇನ್ನೊಂದು ಲೆಕ್ಕ ಹಾಕಿ ನೋಡಿದೆ, 0251.254.0251.254. ಹಳೇ ಗೋ ಕಣ್ಣಿಗೆ ಅದು 251.254.251.254, ಯಾವ ಪ್ರೈವೇಟ್ ಪಟ್ಟಿಯಲ್ಲೂ ಇಲ್ಲ. ಸಿ ಕಣ್ಣಿಗೆ 169.254.169.254. ಕ್ಲೌಡ್‌ನಲ್ಲಿ ಕೆಲಸ ಮಾಡೋರಿಗೆ ಈ ನಂಬರ್ ನೋಡಿದ್ರೇನೇ ಹೊಟ್ಟೆ ತೊಳೆಸುತ್ತೆ, ಮೆಷೀನಿನ ಮೆಟಾಡೇಟಾ, ಕೆಲವು ಸಲ ಕೀಗಳೂ ಸಿಗೋ ಜಾಗ ಅದು. ಗೇಟಲ್ಲಿ ವಾಚ್‌ಮನ್ ಒಂದು ಹೆಸರು ಓದ್ಕೊಂಡು ಬಿಟ್ಟ, ಒಳಗೆ ಇನ್ನೊಬ್ಬ ಅದೇ ಚೀಟೀನ ಬೇರೆ ಹೆಸರಾಗಿ ಓದ್ದ.

ಹಾಗಾದ್ರೆ ಸರಿ ಮಾಡೋದು ಹೇಗೆ? ದಾರಿ ಮೂರೇ. ಒಂದು, ಇದ್ದ ಹಾಗೇ ಇರಲಿ, ಡಾಕ್ಯುಮೆಂಟ್‌ನಲ್ಲಿ ಒಂದು ಸಾಲು ಬರೆಯೋಣ ಅನ್ನೋದು. ಎರಡು, ಎಲ್ರಂತೆ ನಾವೂ ಆಕ್ಟಲ್ ಆಗಿ ಓದೋಣ ಅನ್ನೋದು, ಕೇಳೋಕೆ ಚೆನ್ನಾಗಿದೆ, ಆದ್ರೆ ಇದು ಮೂರರಲ್ಲಿ ಅತೀ ಕೆಟ್ಟದ್ದು, ಯಾಕಂದ್ರೆ ನಮ್ಮ ಮೇಷ್ಟ್ರ ಶೀಟ್ ಓದ್ತಿದ್ದ ಗೋ ಪ್ರೋಗ್ರಾಂ ನೆನ್ನೆವರೆಗೆ 10 ಅಂದಿದ್ದು ಇವತ್ತು ಅಪ್‌ಗ್ರೇಡ್ ಆದ್ಮೇಲೆ ಏನೂ ಹೇಳದೆ 8 ಅನ್ನೋಕೆ ಶುರು ಮಾಡುತ್ತೆ. ಜೊತೆಗೆ "ಎಲ್ರೂ" ಅನ್ನೋರು ಯಾರು, ಆಕ್ಟಲ್ ಓದದವರೂ ಬೇಕಾದಷ್ಟು ಜನ ಇದ್ದಾರಲ್ಲ. ಮೂರು, ಓದೋದೇ ಇಲ್ಲ, ಇದು ಐಪಿ ಅಲ್ಲ ಅಂತ ವಾಪಸ್ ಕಳಿಸೋದು. ಅರ್ಥ ಎರಡಾಗೋ ಮಾತಿಗೆ ನಾನು ಒಂದು ಅರ್ಥ ಹಚ್ಚಲ್ಲ, ನೀನೇ ಸರಿಯಾಗಿ ಬರ್ಕೊಂಡು ಬಾ ಅನ್ನೋದು.

ಮೂರನೇದೇ ಸರಿ ಅಂತ ಈಗ ಹೇಳೋದು ಸುಲಭ. ಗೋಗೆ ಕಷ್ಟ ಇದ್ದಿದ್ದು ಬೇರೆ: 2012ರ ಮಾರ್ಚ್‌ನಲ್ಲಿ ಗೋ 1 ಬಂದಾಗಲೇ ಅವರು ಒಂದು ಮಾತು ಕೊಟ್ಟಿದ್ರು, ಇವತ್ತು ಓಡೋ ಪ್ರೋಗ್ರಾಂ ಮುಂದಿನ ಗೋ 1.x ವರ್ಷನ್‌ಗಳಲ್ಲೂ ಓಡುತ್ತೆ ಅಂತ. ಆ ಮಾತಿನ ಒಳಗೇ ಸೆಕ್ಯೂರಿಟಿ ವಿಷಯ ಬಂದ್ರೆ ಮುರೀಬಹುದು ಅಂತ ಒಂದು ಸಂದು ಇಟ್ಕೊಂಡಿದ್ರು ಅನ್ನಿ. ಈ ಸೊನ್ನೆ ಆ ಸಂದಿಗೆ ತೂರುತ್ತಾ ಇಲ್ವಾ ಅನ್ನೋದೇ ಪ್ರಶ್ನೆ, ಇಶ್ಯೂ ಎರಡು ವರ್ಷ ದಾಟಿ ತೆರೆದೇ ಇತ್ತು.

2021

ಆ ವರ್ಷ ಗಾಳಿ ಬದಲಾಯ್ತು. ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಎನ್‌ಪಿಎಂನ ನೆಟ್‌ಮಾಸ್ಕ್ ಅನ್ನೋ ಪ್ಯಾಕೇಜಿನಲ್ಲಿ ಇದೇ ಸೊನ್ನೆ ಸಮಸ್ಯೆ ಸಿವಿಇ-2021-28918 ಅಂತ ಹೊರಬಿತ್ತು (ಸಿವಿಇ ಅಂದ್ರೆ ಬಯಲಾದ ಸೆಕ್ಯೂರಿಟಿ ದೋಷಕ್ಕೆ ಕೊಡೋ ನಂಬರ್). ಅದನ್ನ ಹುಡುಕಿದವರು ಅಲ್ಲಿಗೇ ಬಿಡಲಿಲ್ಲ, ಬೇರೆ ಭಾಷೆಗಳ ಮನೆ ಬಾಗಿಲೂ ತಟ್ಟಿದ್ರು. ಸಾಲಾಗಿ ನಂಬರ್ ಬಿತ್ತು: ಪೈಥಾನ್‌ಗೆ 29921, ರಸ್ಟ್‌ಗೆ 29922, ಗೋಗೆ 29923, ಒಳ್ಳೆ ಒಂದೇ ಬೀದಿಯ ಮನೆ ನಂಬರ್ ಥರ. ಆಗಸ್ಟ್‌ನಲ್ಲಿ ಡೆಫ್‌ಕಾನ್ 29 ಅನ್ನೋ ಹ್ಯಾಕರ್ ಸಮ್ಮೇಳನದಲ್ಲಿ ಕೆಲ್ಲಿ ಕೌಡಿಸ್ ಮತ್ತು ಸಿಕ್ ಕೋಡ್ಸ್ ಅನ್ನೋ ಸಂಶೋಧಕರು ಇದರ ಮೇಲೇ ಒಂದು ಭಾಷಣ ಕೊಟ್ರು.

ಪೈಥಾನ್ ಕತೆ ಕೇಳಿದ್ರೆ ಅಯ್ಯೋ ಅನ್ಸುತ್ತೆ. ಅದರ ಐಪಿಅಡ್ರೆಸ್ ಮಾಡ್ಯೂಲ್ ಮೊದಲಿಂದ ಜಾಣತನದಲ್ಲೇ ಇತ್ತು, 007 ಥರ ಎರಡು ಲೆಕ್ಕದಲ್ಲೂ ಒಂದೇ ಆಗೋದನ್ನ ಬಿಟ್ಟು ಗೊಂದಲ ಇರೋದನ್ನೆಲ್ಲಾ ತಳ್ಳಿ ಹಾಕ್ತಿತ್ತು. 2019ರ 3.8ರಲ್ಲಿ ಬಿಗಿ ಜಾಸ್ತಿ ಆಯ್ತು ಅಂತ ಸಡಿಲ ಮಾಡಿದ್ರು, 2021ರಲ್ಲಿ 3.9.5ರಿಂದ ಮತ್ತೆ ಬಿಗಿ ಮಾಡಿದ್ರು, ಈ ಸಲ 007ಗೂ ಜಾಗ ಇಲ್ಲ. ಮುಚ್ಚಿದ್ದ ಬಾಗಿಲು ತೆಗೆದು, ಕಳ್ಳ ಬಂದ ಅಂತ ಗೊತ್ತಾದ್ಮೇಲೆ ಬೀಗ ಎರಡು ಹಾಕಿದ ಹಾಗೆ. ರಸ್ಟ್‌ನವರು ಜೂನ್ 17ರ 1.53ರಲ್ಲಿ ಸೊನ್ನೆ ತಗೊಳ್ಳೋದು ನಿಲ್ಲಿಸಿದ್ರು.

ಗೋ 1.17 ಬಂದಿದ್ದು 2021ರ ಆಗಸ್ಟ್ 16ಕ್ಕೆ. ಇಷ್ಟೆಲ್ಲಾ ರಾಮಾಯಣಕ್ಕೆ ಕೋಡ್‌ನಲ್ಲಿ ಆದ ಬದಲಾವಣೆ ಎಷ್ಟು ಅಂತೀರಿ? ಪ್ರತಿ ಭಾಗದ ಅಂಕಿ ಓದಿದ ಮೇಲೆ ಒಂದು ಇಫ್: ಓದಿದ ಅಕ್ಷರ ಒಂದಕ್ಕಿಂತ ಜಾಸ್ತಿ ಇದ್ದು ಮೊದಲನೇದು ಸೊನ್ನೆ ಆಗಿದ್ರೆ, ಖಾಲಿ ಕೈಯಲ್ಲಿ ವಾಪಸ್. ಅಷ್ಟೆ. 0 ಒಂದೇ ಇದ್ರೆ ಸರಿ, 00 ಇದ್ರೆ ಇಲ್ಲ. 10.0.0.1 ಸರಿ, 10.00.0.1 ಇಲ್ಲ. ಐಪಿವಿ6ನ ಹೆಕ್ಸ್ ಭಾಗಗಳಿಗೆ ಇದು ತಾಗಲ್ಲ, ಅಲ್ಲಿ 0db8 ಅಂದ್ರೆ ಎಲ್ರಿಗೂ ಒಂದೇ ಅರ್ಥ, ಜಗಳಾನೇ ಇಲ್ಲ.

ರಿಲೀಸ್ ನೋಟ್‌ನಲ್ಲಿ ಅವರು ಬರೆದ ರೀತಿ ನನಗೆ ಇಷ್ಟ ಆಯ್ತು. ಗೋ ಯಾವಾಗ್ಲೂ ಇದನ್ನ ಡೆಸಿಮಲ್ ಆಗೇ ಓದ್ತಿತ್ತು, ಕೆಲವು ಆಪರೇಟಿಂಗ್ ಸಿಸ್ಟಂಗಳು ಆಕ್ಟಲ್ ಅಂತ ಓದ್ತವೆ, ಈ ಭೇದದಿಂದ ತೊಂದ್ರೆ ಆಗಬಹುದು ಅಂತ ನೇರವಾಗಿ ಹೇಳಿ, ಜೊತೆಗೆ ಒಂದು ಬುದ್ಧಿಮಾತೂ ಹಾಕಿದ್ರು: ಚೆಕ್ ಮಾಡಿದ್ಮೇಲೆ ಮೂಲ ಸ್ಟ್ರಿಂಗ್ ಮುಂದೆ ಕಳಿಸಬೇಡಿ, ಪಾರ್ಸ್ ಆದದ್ದನ್ನ ಮತ್ತೆ ಸ್ಟ್ರಿಂಗ್ ಮಾಡಿ ಅದನ್ನೇ ಕಳಿಸಿ ಅಂತ. ನಾನು ಹೊಸಬರ ಕೋಡ್ ರಿವ್ಯೂ ಮಾಡುವಾಗ ಇದೊಂದನ್ನ ಬಿಡದೆ ಹುಡುಕ್ತೀನಿ. ಒಂದು ವೇರಿಯಬಲ್‌ನಲ್ಲಿ ಯೂಸರ್ ಕೊಟ್ಟ ಸ್ಟ್ರಿಂಗ್, ಇನ್ನೊಂದರಲ್ಲಿ ಪಾರ್ಸ್ ಆದ ಐಪಿ, ಚೆಕ್ ಮಾಡೋದು ಎರಡನೇದನ್ನ, ಬಳಸೋದು ಮೊದಲನೇದನ್ನ. ಹತ್ತರಲ್ಲಿ ಆರೇಳು ಜನ ಹಿಂಗೇ ಬರೀತಾರೆ, ನಾನೂ ಬರೆದಿದೀನಿ. ಮೊದಲನೇದನ್ನ ಎಸೆದುಬಿಟ್ರೆ ಸೊನ್ನೆ ಒಂದೇ ಅಲ್ಲ, ಇಂಥಾ ಎರಡು ತಲೆಯ ಹಾವುಗಳು ಸುಮಾರು ಹೋಗ್ತವೆ.

ಇಷ್ಟ ಆಗದೆ ಇದ್ದಿದ್ದು ಅಂದ್ರೆ 1.17ರಲ್ಲಿ ಹಳೇ ನಡವಳಿಕೆಗೆ ವಾಪಸ್ ಹೋಗೋಕೆ ಒಂದು ಸ್ವಿಚ್ ಇಡಲಿಲ್ಲ. ಒಂದು ವರ್ಷನ್ ಮಟ್ಟಿಗಾದ್ರೂ, ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿಂದ ಕೊಡೋ ಸೆಟ್ಟಿಂಗ್) ಒಂದು ಕೊಟ್ಟಿದ್ರೆ ಜನ ಉಸಿರಾಡ್ತಿದ್ರು. ಹಿಂಗೆ ನಡವಳಿಕೆ ಬದಲಾದಾಗ ಗೋಡೀಬಗ್ ಅನ್ನೋ ಇಂಥಾ ಸ್ವಿಚ್ ಕೊಡೋದನ್ನ ಪದ್ಧತಿ ಅಂತ ಮಾಡಿದ್ದು 2023ರ 1.21ರಲ್ಲಿ, ಆಗ ಈ ಬಸ್ ಹೋಗಿ ಎಷ್ಟೋ ಹೊತ್ತಾಗಿತ್ತು.

ಕುಬರ್ನೆಟಿಸ್ ಹೊತ್ತ ಭಾರ

ಈ ಬಸ್ ತಪ್ಪಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಕುಬರ್ನೆಟಿಸ್. ಕ್ಲಸ್ಟರ್, ಅಂದ್ರೆ ಮೆಷೀನುಗಳ ಗುಂಪಿನ ಮೇಲೆ ಪ್ರೋಗ್ರಾಂಗಳನ್ನ ಓಡಿಸಿ ನೋಡ್ಕೊಳ್ಳೋ, ಹೆಚ್ಚುಕಮ್ಮಿ ಪೂರ್ತಿ ಗೋದಲ್ಲೇ ಬರೆದಿರೋ ಪ್ರಾಜೆಕ್ಟು. ಅವರ ಸಮಸ್ಯೆ ಕೋಡಲ್ಲ, ಡೇಟಾ. ಯಾವುದೋ ಕಂಪನಿಯ ಯಾವುದೋ ಕ್ಲಸ್ಟರ್‌ನಲ್ಲಿ ಯಾರೋ ನಮ್ಮ ಮೇಷ್ಟ್ರಂಥವರು ಸರ್ವಿಸ್ ಒಂದರಲ್ಲಿ ಸೊನ್ನೆ ಹಾಕಿದ ಐಪಿ ಬರೆದಿರ್ತಾರೆ ಅಂದ್ಕೊಳಿ. ಬರೆದ ದಿನ ಗೋ ಒಪ್ಪಿಕೊಂಡಿತ್ತು, ಹಂಗಾಗಿ ಅದು ಎಟ್‌ಸಿಡಿ ಡೇಟಾಬೇಸ್ ಒಳಗೆ ಸ್ಟ್ರಿಂಗ್ ಆಗಿ ಹಂಗೇ ಕೂತಿದೆ. ಈಗ ನೀವು ಕುಬರ್ನೆಟಿಸನ್ನ ಗೋ 1.17ರಲ್ಲಿ ಬಿಲ್ಡ್ ಮಾಡಿ ಕೊಟ್ರಿ. ಅವತ್ತಿಂದ ಆ ಆಬ್ಜೆಕ್ಟ್ ಮುಟ್ಟಿದ್ರೆ ಸಾಕು, ವ್ಯಾಲಿಡೇಷನ್ ಪೂರ್ತಿ ಆಬ್ಜೆಕ್ಟ್ ಮೇಲೆ ಓಡುತ್ತೆ, ಒಂದು ಲೇಬಲ್ ಬದಲಾಯಿಸೋಕೆ ಹೋದ್ರೂ "ಐಪಿ ತಪ್ಪು" ಅಂತ ಎರರ್. ನೆನ್ನೆ ರಾತ್ರಿ ಮಲಗುವಾಗ ಸರಿ ಇದ್ದ ಕ್ಲಸ್ಟರ್ ಬೆಳಿಗ್ಗೆ ಅಪ್‌ಗ್ರೇಡ್ ಆದ್ಮೇಲೆ ನಿಮ್ಮ ಮಾತೇ ಕೇಳಲ್ಲ.

ಅವರು ಮಾಡಿದ್ದು ಓಪನ್ ಸೋರ್ಸ್‌ನಲ್ಲಿ ಮಾತ್ರ ಸಾಧ್ಯ ಇರೋ ಕೆಲಸ. ಗೋದ ಹಳೇ ಪಾರ್ಸರ್ ಫೈಲುಗಳನ್ನೇ ಎತ್ಕೊಂಡು ಬಂದು ತಮ್ಮ ಯುಟಿಲ್ಸ್ ರೆಪೋದಲ್ಲಿ (ಕೋಡ್ ಇಡೋ ಉಗ್ರಾಣ) ಫೋರ್ಕ್ ಮಾಡಿ, ಅಂದ್ರೆ ತಮ್ಮದೇ ನಕಲು ಮಾಡಿ ಇಟ್ರು, ಹೆಸರು ಏನಿಟ್ರು ಅಂದ್ರೆ ಪಾರ್ಸ್‌ಐಪಿ ಸ್ಲಾಪಿ, ಪಾರ್ಸ್‌ಸಿಐಡಿಆರ್ ಸ್ಲಾಪಿ (ಸಿಐಡಿಆರ್ ಅಂದ್ರೆ ಅಡ್ರೆಸ್ಸುಗಳ ಒಂದು ಗುಂಪನ್ನ ಬರೆಯೋ ರೀತಿ). ಸ್ಲಾಪಿ ಅಂದ್ರೆ ಒರಟೊರಟು, ಹೆಂಗೆಂಗೋ ಮಾಡಿದ ಕೆಲಸ. ಹೆಸರಲ್ಲೇ ನಾಚಿಕೆ ಇಟ್ಟಿದ್ದಾರೆ ನೋಡಿ, ಹೊಸದಾಗಿ ಕೋಡ್ ಬರೆಯೋನು ಅದನ್ನ ಕರೆಯೋ ಮುಂಚೆ ಎರಡು ಸಲ ಯೋಚನೆ ಮಾಡ್ಲಿ ಅಂತ ಇರಬೇಕು. ಆದ್ರೆ ಅಷ್ಟಕ್ಕೇ ಬಿಟ್ರೆ ಇನ್ಯಾರೋ ಅಭ್ಯಾಸಬಲದಿಂದ ಸ್ಟ್ಯಾಂಡರ್ಡ್ ಲೈಬ್ರರಿಯ ಪಾರ್ಸ್‌ಐಪಿಯನ್ನೇ ಕರೆದುಬಿಡ್ತಾರಲ್ಲ, ಆಗ ಒಂದೇ ಪ್ರಾಜೆಕ್ಟ್ ಒಳಗೆ ಎರಡು ಪಾರ್ಸರ್ ಆಗಿ ಮತ್ತೆ ಅದೇ ಗೋಡೆ. ಅದಕ್ಕೆ ಒಂದು ವೆರಿಫೈ ಸ್ಕ್ರಿಪ್ಟ್ ಬರೆದು ರೆಪೋಗೆ ಹಾಕಿದ್ರು, ಯಾರಾದ್ರೂ ಮೂಲ ಫಂಕ್ಷನ್ ಕರೆದ್ರೆ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸ್ಕೊಳಿ ಅನ್ನೋ ಅರ್ಜಿ) ಪಾಸ್ ಆಗಲ್ಲ. 2021ರ ಡಿಸೆಂಬರ್‌ನ ಕುಬರ್ನೆಟಿಸ್ 1.23 ಹಂಗೇ ಹೊರಗೆ ಬಂತು, ಗೋ 1.17 ಮೇಲೆ, ಹಳೇ ಸಡಿಲ ಓದಿನ ಜೊತೆ.

ಕೆಲವರು ಇದನ್ನ ನೋಡಿ ನಕ್ಕರು, ಸೆಕ್ಯೂರಿಟಿ ಫಿಕ್ಸ್ ಬಂದ್ರೆ ಅದನ್ನ ಫೋರ್ಕ್ ಮಾಡಿ ವಾಪಸ್ ತಂದಿದಾರಲ್ಲ ಅಂತ. ನನಗೆ ನಗು ಬರಲಿಲ್ಲ. ಗೋ ತಂಡ ತನ್ನ ಮನೆ ಗುಡಿಸಿತು, ಅದು ಸರಿ, ಆದ್ರೆ ಆ ಕಸ ಎಲ್ಲೂ ಹೋಗಲಿಲ್ಲ, ಯಾರ ಹತ್ರ ಹಳೇ ಡೇಟಾ ಇದೆಯೋ ಅವರ ಅಂಗಳಕ್ಕೆ ಬಂತು. ಅವರು ಅದನ್ನ ಬುಟ್ಟೀಲಿ ತುಂಬಿ ಮೇಲೆ "ಕಸ" ಅಂತ ಚೀಟಿ ಅಂಟಿಸಿ ಮೂಲೆಗಿಟ್ರು. ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. "ಕೊಡುವಾಗ ಬಿಗಿ ಇರು, ತಗೊಳ್ಳುವಾಗ ಧಾರಾಳ ಇರು" ಅಂತ ಪೋಸ್ಟೆಲ್ ಅವರದ್ದೇ ಒಂದು ಮಾತಿದೆ, ನೆಟ್‌ವರ್ಕಿಂಗ್ ಓದಿದವರೆಲ್ಲಾ ಬಾಯಿಪಾಠ ಮಾಡಿರ್ತೀವಿ. ಧಾರಾಳ ತೋರಿಸಿದ ದಿನ ಏನೂ ಖರ್ಚಾಗಲ್ಲ, ಬಿಲ್ ಬರೋದು ಹತ್ತು ವರ್ಷ ಆದ್ಮೇಲೆ, ಅದೂ ಬೇರೆ ಯಾರದ್ದೋ ಹೆಸರಿಗೆ. 2023ರಲ್ಲಿ ಬಂದ ಆರ್‌ಎಫ್‌ಸಿ 9413 ಈ ಮಾತನ್ನೇ ಮತ್ತೆ ಕೂತು ವಿಚಾರಣೆ ಮಾಡಿದೆ, ಓದಿ ನೋಡಿ.

ಗೋ ಕಡೆಗೆ ವಾಪಸ್ ಬಂದ್ರೆ, 2022ರ ಮಾರ್ಚ್‌ನ 1.18ರಲ್ಲಿ ನೆಟ್‌ಐಪಿ ಅಂತ ಹೊಸ ಪ್ಯಾಕೇಜೇ ಬಂತು. ಟೇಲ್‌ಸ್ಕೇಲ್ ಕಂಪನಿಯವರು ತಮ್ಮ ಕೆಲಸಕ್ಕೆ ಬರ್ಕೊಂಡಿದ್ದ ಲೈಬ್ರರಿಯಿಂದ ಬೆಳೆದಿದ್ದು. ಹಳೇ ಐಪಿ ಟೈಪು ಬರೀ ಬೈಟ್‌ಗಳ ಸ್ಲೈಸು (ಪಟ್ಟಿ), ಯಾರು ಬೇಕಾದ್ರೂ ಒಳಗೆ ಕೈ ಹಾಕಿ ಬದಲಾಯಿಸಬಹುದು, ಸಮ ಚಿಹ್ನೆ ಹಾಕಿ ಎರಡನ್ನ ಹೋಲಿಸೋಕೆ ಆಗಲ್ಲ, ಮ್ಯಾಪ್‌ಗೆ ಕೀ ಆಗಲ್ಲ, ಐಪಿವಿ4 ಒಂದು ಸಲ 4 ಬೈಟ್ ಆಗಿರುತ್ತೆ ಇನ್ನೊಂದು ಸಲ 16. ಹೊಸದು 24 ಬೈಟ್‌ನ ಗಟ್ಟಿ ವ್ಯಾಲ್ಯೂ, ಹೋಲಿಸಬಹುದು, ಕೀ ಮಾಡಬಹುದು. ಸೊನ್ನೆ ವಿಷಯದಲ್ಲಿ ಹುಟ್ಟಿದಾಗಿಂದ್ಲೇ ಬಿಗಿ, ಹಳೇ ಡೇಟಾದ ಹಂಗಿಲ್ಲವಲ್ಲ, ಆರಾಮಾಗಿ ಬಿಗಿ ಇರಬಹುದು. ನಾನಂತೂ ಹೊಸ ಕೋಡ್ ಎಲ್ಲಾ ಅದರಲ್ಲೇ ಬರೆಯೋದು.

ನಮ್ಮ ಶೀಟ್ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. 1.17 ಬಂದ ವಾರವೇ ನಾನು ಉತ್ಸಾಹದಲ್ಲಿ ಟೂಲನ್ನ ಹೊಸದಾಗಿ ಬಿಲ್ಡ್ ಮಾಡಿದೆ, ಮೇಷ್ಟ್ರ ಪಟ್ಟಿಯಲ್ಲಿ ಮುಕ್ಕಾಲು ಪಾಲು ಸಾಲು "ಐಪಿ ಅಲ್ಲ" ಅಂತ ಹೊರಗೆ ಬಿತ್ತು. ಹಸಿರೂ ಇಲ್ಲ ಕೆಂಪೂ ಇಲ್ಲ. ಕೊನೆಗೆ ನಾನೂ ಒಂದು ಸ್ಲಾಪಿ ಬರ್ಕೊಂಡೆ, ಶೀಟ್ ಓದೋ ಜಾಗದಲ್ಲಿ ಮಾತ್ರ ಮುಂದಿನ ಸೊನ್ನೆ ಕಿತ್ತು ಒಳಗೆ ಬಿಡೋ ಹತ್ತು ಸಾಲು. ಈ ಶೀಟ್‌ನಲ್ಲಿ ಸೊನ್ನೆ ಅಂದ್ರೆ ಬರೀ ಅಲಂಕಾರ ಅನ್ನೋದು ನನಗೆ ಗೊತ್ತು, ಯಾಕಂದ್ರೆ ಬರೆದವರನ್ನ ಕೇಳಿದೀನಿ. ಗೋದಂಥ ಭಾಷೆಯ ಲೈಬ್ರರಿಗೆ ಆ ಭಾಗ್ಯ ಇಲ್ಲ. ಶೆಲ್ ಸ್ಕ್ರಿಪ್ಟ್‌ಗೂ ಅದೇ ಶುದ್ಧ ಪಟ್ಟಿ ಕೊಟ್ವಿ, ಹಳದಿ ಹಚ್ಚಿದ್ದ "ಡಿಎನ್ಎಸ್ ಪ್ರಾಬ್ಲಂ" ಸಾಲುಗಳೆಲ್ಲಾ ಒಂದೇ ಮಧ್ಯಾಹ್ನ ಹಸಿರಾದ್ವು.

ಮೇಷ್ಟ್ರು ಸಾರ್ಟಿಂಗ್ ಬಿಟ್ಟುಕೊಡೋಕೆ ಮಾತ್ರ ಸುತಾರಾಂ ಒಪ್ಪಲಿಲ್ಲ. ಸೊನ್ನೆ ಇಲ್ಲದ ಅಡ್ರೆಸ್ಸಿಗೆ ಒಂದು ಕಾಲಂ, ಪಕ್ಕದಲ್ಲಿ ಸೊನ್ನೆ ಇರೋದಕ್ಕೆ ಇನ್ನೊಂದು ಕಾಲಂ ಮಾಡಿ, ಅದರ ನೆತ್ತಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದ್ರು: "ಸಾರ್ಟಿಂಗ್‌ಗೆ ಮಾತ್ರ. ಪಿಂಗ್ ಮಾಡಬೇಡಿ, ಪ್ರಿಂಟರ್ ಉತ್ತರ ಕೊಡುತ್ತೆ."